ನೀರು ಮುಟ್ಟದ ಸಂಜೆಯ ಎದೆಯುರಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದೊಡ್ಡಮ್ಮನನ್ನು ಡಾಕ್ಟರಿಗೆ ತೋರಿಸಿದ್ದು ನನಗೆ ಬೇಲೂರಿನ ಸಂಬಂಧ ಬರುವ ಮೊದಲೋ ಆಮೇಲೋ, ಖಚಿತವಿಲ್ಲ. ಎಪ್ಪತ್ತರ ದಶಕದ ಕೊನೆ ಎಂಬುದಷ್ಟೇ ನಿಜ. ಆಗ ನಾನು ಹಳೇಬೀಡಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಅರಸೀಕೆರೆಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವರು ಅವರೇ. ಅಪ್ಪನ ಅಂಗಡಿ ಬಾಣಾವರದಲ್ಲಿತ್ತು.

ದೊಡ್ಡಮ್ಮನಿಗೆ ಎದೆಯುರಿ. ಹುಳಿ ಗಂಟಲಿನವರೆಗೂ ಬರುತ್ತಿತ್ತು. ಅರಸೀಕೆರೆಯ ಡಾಕ್ಟರು, "ರಾತ್ರಿ ತಡವಾಗಿ ಊಟ ಮಾಡಬೇಡಿ. ಈರುಳ್ಳಿ, ಬೆಳ್ಳುಳ್ಳಿ ಕಡಿಮೆ ಮಾಡಿ" ಎಂದರು.

"ನಾವು ಜೈನರು ಡಾಕ್ಟ್ರೇ. ಹೊತ್ತು ಮುಳುಗಿದ ಮೇಲೆ ನಾನು ನೀರೂ ಕುಡಿಯಲ್ಲ. ಬೆಳ್ಳುಳ್ಳಿ ನಮ್ಮನೆ ಹೊಸಲು ದಾಟಿಲ್ಲ. ಇನ್ನೇನು ಬಿಡ್ಲಿ, ನೀವೇ ಹೇಳಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮನಸ್ಸಿಗೆ ಯೋಚನೆ ಏನಾದ್ರೂ ಇದೆಯಾ?"

"ಇವಳ ಬಸ್ಸು ದಿನಾ ತಡ. ಅದಕ್ಕೆ ಮಾತ್ರೆ ಇದ್ರೆ ಕೊಡಿ."

ನನ್ನದು ಬಿ.ಎ. ಕೊನೆಯ ವರ್ಷ. ಮೈಸೂರಿಗೆ ಹೋಗಿ ಎಂ.ಎ. ಓದುವ ಆಸೆ. ಒಂದು ಸಂಜೆ ಅಪ್ಪ ಬಂದು ಊಟಕ್ಕೆ ಕೂತವರು, ಬೇಲೂರಿನ ಗಂಡಿನ ಕಡೆಯವರು ಒಪ್ಪಿದ್ದಾರೆ, ಕಾಲೇಜು ಸಾಕು ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ದೊಡ್ಡಮ್ಮ ತೊವ್ವೆ ಬಡಿಸುತ್ತಿದ್ದರು.

"ಓದು ಮುಗೀಲಿ. ಮೈಸೂರಿಗೂ ಹೋಗಿ ಬರ್ಲಿ. ಅವರು ಕಾಯ್ಲಿ."

"ಕಾಯೋಕೆ ಅವರೇನು ಬಸ್‌ಸ್ಟ್ಯಾಂಡಲ್ಲಿ ಕೂತಿದ್ದಾರಾ ಅತ್ತಿಗೆ?"

"ನಮ್ಮ ಹುಡುಗಿ ದಿನಾ ಕೂರ್ತಾಳಲ್ಲ. ಅವರೂ ಕೂತು ನೋಡ್ಲಿ. ಮಜ್ಜಿಗೆ ಹಾಕ್ಲಾ?"

ಅಪ್ಪ ತಟ್ಟೆ ಮುಂದೆ ಸರಿಸಿದರು. ಮಾತು ಅಲ್ಲಿಗೆ ಮುಗಿಯಿತು. ದೊಡ್ಡಮ್ಮ ಮಜ್ಜಿಗೆ ಬಡಿಸಿದರು.

ಅಪ್ಪ ಬಸ್ಸಿಗೆ ಹೊರಟದ್ದೇ ತಡ, ದೊಡ್ಡಮ್ಮ ಕಂಬಕ್ಕೊರಗಿ ಕೂತು ಎದೆಯನ್ನು ಮುಷ್ಟಿಯಿಂದ ಒತ್ತಿಕೊಂಡರು. ನಾನು ಗಾಬರಿಯಲ್ಲಿ ನೀರು ತಂದೆ. ಅವರು ಬಾಗಿಲಾಚೆ ನೋಡಿದರು. ಹೊತ್ತು ಮುಳುಗಿತ್ತು. ಲೋಟ ಪಕ್ಕಕ್ಕಿಟ್ಟು, ಹುಳಿಯನ್ನು ಹಾಗೇ ನುಂಗುತ್ತಾ ನೆಟ್ಟಗೆ ಕೂತರು.

ದೊಡ್ಡಮ್ಮ ಮೊದಲೇ ಉಂಡಿದ್ದ ಅದೇ ಅನ್ನ, ಅದೇ ತೊವ್ವೆ ಉಂಡ ಅಪ್ಪ ಹಾಯಾಗಿ ತೇಗಿ ಹೋಗಿದ್ದರು.

ಮನಸ್ಸು ಬಿಗಿದುಕೊಂಡಾಗ ಅಷ್ಟೇ ಪ್ರಮಾಣದ ಹುಳಿಯೂ ಹೆಚ್ಚು ಸುಡುತ್ತದೆ ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಆ ಸಂಜೆಗೆ ಈ ಮಾತು ಚೆನ್ನಾಗಿ ಹೊಂದುತ್ತದೆ. ಹೊಂದಲಿ ಎಂದು ನಾನೇ ಹೊಂದಿಸಿಕೊಂಡೆನೋ? ಬಸ್ಸು ಸರಿಯಾಗಿ ಬಂದ ದಿನಗಳಲ್ಲೂ ಅವರಿಗೆ ಉರಿದಿರಬಹುದು. ನನಗೆ ಸಂಬಂಧಿಸಿದ ದಿನಗಳು ಮಾತ್ರ ನನ್ನ ನೆನಪಿನಲ್ಲಿ ಉಳಿದಿವೆ. ಆದರೂ, ಒಳಗೆ ಅಷ್ಟು ಉರಿಯುವಾಗ ದನಿ ಏರಿಸದೆ ಮಜ್ಜಿಗೆ ಬೇಕಾ ಎಂದು ಕೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ನಾನು ಮೈಸೂರಿಗೆ ಹೋದೆ. ಮೊದಲ ರಜೆಗೆ ಬಂದಾಗ ಅವರನ್ನೇ ಒಂದು ಮಾತು ಕೇಳಿದೆ. "ಬೆಳಕು ಹೋಗ್ತಿದೆ, ಊಟಕ್ಕೆ ಏಳು ಕಣೇ" ಎಂದರು. ಆಮೇಲೂ ಅದನ್ನೇ ಎಷ್ಟೋ ಸಲ ಕೇಳಿದ್ದೇನೆ, ಅವರು ಇವತ್ತಿಗೂ ಉತ್ತರ ಹೇಳಿಲ್ಲ:

"ನಾನು ಹೋದ ಮೇಲೆ ನಿಮ್ಮ ಎದೆಯುರಿ ಕಡಿಮೆ ಆಯ್ತಾ ದೊಡ್ಡಮ್ಮ, ಇಲ್ಲಾ ಜಾಸ್ತಿ ಆಯ್ತಾ?"