ಬಂದರಿಗೆ ಬಾರದ ಬಂಗುಡೆ

ನಮ್ಮ ಮಾಸ್ಟ್ರ ಜನಿವಾರದಲ್ಲಿ ಒಂದು ಪೆನ್‌ಡ್ರೈವ್ ನೇತಾಡುತ್ತಿತ್ತು. ಬೆವರು ಕುಡಿದು ಅದರ ಬಣ್ಣವೆಲ್ಲ ಹೋಗಿತ್ತು. ಯಾರಾದರೂ ಫೈಲು ಕೇಳಿದರೆ ಅಂಗಿಯ ಎರಡು ಗುಂಡಿ ಬಿಚ್ಚಿ, ಜನಿವಾರ ಹೊರಗೆಳೆದು, ಕಂಪ್ಯೂಟರಿಗೆ ಎದೆ ಆನಿಸಿ ನಿಲ್ಲುವರು.

"ಕಂಪ್ಯೂಟ್ರಿಗೂ ಉಪನಯನವಾ ಮಾಸ್ಟ್ರೇ?" ಎಂದು ಎದುರು ಹೋಟೆಲಿನವರು ನಗುತ್ತಿದ್ದರು.

"ಅದ್ಕ್ ಆಯ್ತ್. ಇನ್ ನಿಮ್ದೇ ಬಾಕಿ."

ಕುಂದಾಪುರದ ಅವರ ಕಂಪ್ಯೂಟರ್ ಅಂಗಡಿಗೆ ನಾನು ಬಸ್ರೂರಿನಿಂದ ಟೈಪಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಬಂದರಿಗೆ ಯಾವ ಮೀನು ಬಂತು, ರೇಟು ಎಷ್ಟು ಎಂದು ತೋರಿಸುವ ವೆಬ್‌ಸೈಟೊಂದನ್ನು ಅವರು ನಡೆಸುತ್ತಿದ್ದರು. ಅವರೋ ಮೀನಿನ ವಾಸನೆಗೇ ಹೆಗಲ ಬೈರಾಸು ಮೂಗಿಗೆ ಹಿಡಿಯುವ ಜನ. ಬಂದರಿನ ಕಡೆ ತಲೆ ಹಾಕಿದವರೇ ಅಲ್ಲ. ಅಲ್ಲಿನವರು ಫೋನಿನಲ್ಲಿ ಕಳಿಸಿದ್ದನ್ನು ಎತ್ತಿ ಸೈಟಿಗೆ ಹಾಕುವ ಪ್ರೋಗ್ರಾಂ ನಮ್ಮ ಮೂಲೆಯ ಕಂಪ್ಯೂಟರಿನಲ್ಲಿ, ಪರದೆಯ ಮೇಲೆ ತೆರೆದಿಟ್ಟ ಒಂದು ಕಪ್ಪು ಕಿಟಕಿಯೊಳಗೆ ಓಡುತ್ತಿತ್ತು. ಬಸ್ರೂರು, ಹಾಲಾಡಿ ಕಡೆ ಮೀನು ಮಾರುವ ಹೆಂಗಸರು ಬೆಳಿಗ್ಗೆ ಆ ಸೈಟು ನೋಡಿಯೇ ಬಂದರಿಗೆ ಬಸ್ಸು ಹತ್ತುವುದು.

ಹಾಗೆ ಕಿಟಕಿಯಲ್ಲಿ ಓಡಿಸುವುದು ಸರಿಯಲ್ಲವೆಂದು ಕಲಿಸಿದವರೂ ಅವರೇ. "ಕಿಟಕಿಯಗೆ ಓಡೂದ್ ಬಡ್ಸುಕೆ ನಿಂತವ್ನ ಹಾಂಗೆ ಹೆಣೆ. ಕರದ್ರೆ ಬತ್ತ, ಕಳ್ಸಿರೆ ಹೋತ. ಸರ್ವಿಸ್ ಅಂದ್ರೆ ಒಳ್ಗಿನ್ ಅಡ್ಗಿ ಭಟ್ಟ. ಪಂಕ್ತಿಗೆ ಕಾಂಬುದಿಲ್ಲೆ, ಯಾರೂ ಕರೂದೂ ಬ್ಯಾಡ. ಮಿಷಿನ್ ಎದ್ದ್ ಕೂಡ್ಲೆ ತಾನೇ ಎದ್ದ್ ಒಲೆ ಹಚ್ತ."

"ಹಂಗಾರೆ ನಮ್ದನ್ನೂ ಸರ್ವಿಸ್ ಮಾಡುವನಾ?"

"ಮಾಡುವ, ನಾಳೆ ಮಾಡುವ."

ಆಯುಧಪೂಜೆ ಬಂತು. ಮಾಸ್ಟ್ರು ಕೈಯಾರೆ ಒಂದೊಂದೇ ಕಂಪ್ಯೂಟರ್ ಬಂದ್ ಮಾಡಿ, ಒರೆಸಿ, ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟರು. ಮಾರನೆಯ ದಿನ ಹೂವು ತೆಗೆದು ಮತ್ತೆ ಹಾಕಿದರು. ಕಂಪ್ಯೂಟರ್ ಎದ್ದಿತು, ಪ್ರೋಗ್ರಾಂ ಏಳಲಿಲ್ಲ. ಅದನ್ನು ತಾವೇ ಎಬ್ಬಿಸಬೇಕೆನ್ನುವುದು ಅವರಿಗೆ ಮರೆತೇಹೋಯಿತು. ಸೈಟಿನಲ್ಲಿ ಪೂಜೆಗೆ ಮುಂಚಿನ ಬಂಗುಡೆಯೇ ಉಳಿದಿತ್ತು.

ಅದರ ಮರುದಿನ ನಾಲ್ಕಾರು ಹೆಂಗಸರು ಖಾಲಿ ಬುಟ್ಟಿ ಹಿಡಿದು ಅಂಗಡಿಗೆ ನುಗ್ಗಿದರು. ಮುಂದೆ ಬಸ್ರೂರಿನ ಅಜ್ಜಿ.

"ಹ್ವಾಯ್ ಮಾಸ್ಟ್ರೇ, ಎಂತ ಇದ್? ಬಂಗ್ಡಿ ರಾಶಿ ಇತ್ತ್ ಅಂದೇಳಿ ಬಂದ್ರೆ ಅಲ್ಲಿ ಬಂಗ್ಡಿ ಬಾಲವೂ ಇಲ್ಲೆ! ಗಿರಾಕಿಗೆ ಬುಟ್ಟಿ ಮಾರೂದಾ?"

ಮಾಸ್ಟ್ರು ಮೂಲೆಯ ಕಂಪ್ಯೂಟರ್ ನೋಡಿದರು. ಆಮೇಲೆ ನನ್ನನ್ನು.

"ಈ ಹೆಣ್ಣ್ ಮಿಷಿನ್ ಬಂದ್ ಮಾಡಿ ಮರ್ತ್ ಹೋಯ್ತ್."

ನಾನು ಕೀಬೋರ್ಡಿನ ಮೇಲಿಟ್ಟ ಕೈ ತೆಗೆಯಲಿಲ್ಲ. "ಮದ್ವಿ ಆಯ್ಕಾದ್ ಹೆಣ್ಣ್, ಕೆಲ್ಸದ್ ಮೇಲೆ ನಿಗಾ ಬ್ಯಾಡ್ದಾ?" ಎಂದು ಅಜ್ಜಿ ಹೊರಟಿತು. ಅವರೆಲ್ಲ ಹತ್ತುವ ಬಸ್ಸನ್ನೇ ದಿನವೂ ನಾನೂ ಹತ್ತಬೇಕು. ಊರಿನಲ್ಲಿ ನನ್ನ ಹೆಸರು ಏನಾಗಿರುತ್ತದೆಂದು ನೆನೆದು, ಸಂಜೆ ಊರಿನ ಬಸ್ಸನ್ನು ಹೋಗಲು ಬಿಟ್ಟು, ಕತ್ತಲಾದ ಮೇಲೆ ಮುಂದಿನದನ್ನು ಹತ್ತಿದೆ.

ಮರುದಿನ ಬೆಳಿಗ್ಗೆ ಬಸ್ಸಿಳಿದರೆ ಮಾಸ್ಟ್ರು ಅಲ್ಲೇ ನಿಂತಿದ್ದರು. "ಬಾ, ಬಂದರಿಗೆ ಹೋಪ" ಎಂದು ಮುಂದೆ ನಡೆದರು. ಬೈರಾಸು ಹೆಗಲಲ್ಲೇ ಇತ್ತು. ಮೀನಿನ ನೀರಿನಲ್ಲಿ ಚಪ್ಪಲಿ ಜಾರುತ್ತಿತ್ತು. ಏಲದ ಗದ್ದಲದ ನಡುವೆ ಅಜ್ಜಿಯ ಎದುರು ನಿಂತು ಏನೋ ಗೊಣಗಿದರು.

"ಎಂತ? ಕೇಂತಿಲ್ಲೆ!" ಹಿಂದಿನಿಂದ ಒಬ್ಬಳು ಕೂಗಿದಳು.

ಗಟ್ಟಿಯಾಗಿ ಹೇಳಬೇಕಾಯಿತು. "ಮಿಷಿನ್ ಬಂದ್ ಮಾಡದ್ದ್ ನಾನ್. ಮರ್ತದ್ದೂ ನಾನ್. ನಿನ್ನೆ ನಿಮ್ಮೆದ್ರಿಗೇ ಸುಳ್ ಹೇಳ್ದೆ. ಈ ಹೆಣ್ಣಿಂದ್ ಎಂತ ತಪ್ಪಿಲ್ಲೆ."

"ಅಷ್ಟೇಯಾ?" ಎಂದಿತು ಅಜ್ಜಿ. "ಮಾಸ್ಟ್ರು ಮೀನ್ ತಿಂಬುಕೆ ಶುರು ಮಾಡ್ರ್ ಅಂದೇಳಿ ಎಣ್ಸ್ದೆ ನಾನ್!"

ಎಲ್ಲರೂ ನಕ್ಕರು. ಮಾಸ್ಟ್ರ ಕಿವಿ ಮಾತ್ರ ಕೆಂಪಗೇ ಇತ್ತು. ಆ ದಿನವೇ ಪ್ರೋಗ್ರಾಮನ್ನು ಸರ್ವಿಸ್ ಮಾಡಿದೆವು. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಾಕಿ ನೋಡಿದರು, ಪ್ರೋಗ್ರಾಂ ತಾನೇ ಎದ್ದಿತು. ಆಮೇಲೂ ಎಷ್ಟೋ ದಿನ ಅವರು ನನ್ನ ಮುಖ ನೋಡಿ ಮಾತಾಡಲಿಲ್ಲ.

ಕಳೆದ ಮಳೆಗಾಲದಲ್ಲಿ ಮಾಸ್ಟ್ರು ತೀರಿಕೊಂಡರು. ಈಗ ನನ್ನದೇ ಅಂಗಡಿ, ಜೊತೆಗೊಬ್ಬಳು ಹುಡುಗಿ. ಮೊನ್ನೆ ನಾವು ನೋಡಿಕೊಳ್ಳುವ ಒಂದು ಕಲ್ಯಾಣಮಂಟಪದ ವೆಬ್‌ಸೈಟು ನಿಂತುಹೋಯಿತು. ಸರ್ವಿಸಿನಲ್ಲಿ ಏನನ್ನೋ ಬದಲಿಸಿ, ಓಡುತ್ತದೆಯೇ ಎಂದು ನೋಡದೆ ಬಿಟ್ಟವಳು ನಾನು. ಮಾಲೀಕರು ಫೋನಿನಲ್ಲಿ ಬೈಯುವಾಗ ನನ್ನ ನಾಲಗೆಯ ತುದಿಗೆ ಬಂದದ್ದು ಆ ಹುಡುಗಿಯ ಹೆಸರು. ನುಂಗಿಕೊಂಡು, "ತಪ್ಪು ನನ್ನದೇ" ಎಂದೆ.

ಹುಡುಗಿ ತಲೆ ಎತ್ತದೆ ಟೈಪ್ ಮಾಡುತ್ತಿದ್ದಳು. ತನ್ನ ಹೆಸರು ಎಲ್ಲಿಯವರೆಗೆ ಬಂದು ಹಿಂದೆ ಹೋಯಿತೆಂದು ಅವಳಿಗೆ ಗೊತ್ತಿಲ್ಲ. ನಾಚಿಕೆಯಿಂದ ಆ ದಿನ ನನಗೂ ಅವಳ ಮುಖ ನೋಡಲಾಗಲಿಲ್ಲ.