ನಾಲ್ಕು ಗಂಟೆ ಸಾಹೇಬರು

ನಮ್ಮ ಚಿಕ್ಕಪ್ಪನಿಗೆ ಖಾಲಿ ಮನೆಗಳೆಂದರೆ ಪ್ರಾಣ. ಇನ್ನೂ ಬಾಗಿಲು ಕೂರಿಸದ, ಕಿಟಕಿಗೆ ಗಾಜು ಬರದ, ಯಾರೂ ಒಂದು ದಿನವೂ ಮಲಗಿ ಏಳದ ಮನೆಗಳು. ಅಂಥ ಮನೆಯೊಳಗೆ ಕಾಲಿಟ್ಟ ಕೂಡಲೇ ಅವರ ದನಿ ತಗ್ಗುತ್ತಿತ್ತು, ಒಳಗೆಲ್ಲೋ ಮಗು ಮಲಗಿಸಿದ್ದಾರೇನೋ ಎನ್ನುವ ಹಾಗೆ. ಮೊದಲು ಗೋಡೆ ಮುಟ್ಟುತ್ತಿದ್ದರು. ಆಮೇಲೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಕಣ್ಣು ಮುಚ್ಚುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಚೇರಿಯಲ್ಲಿ ಫೈಲು ರಾಶಿ ಬಿದ್ದಿರುವಾಗ ಈ ಮನುಷ್ಯ ಇಲ್ಲಿ ಕೂತು ಕನಸು ಕಾಣುವುದೇ?

ಅವರು ಕಟ್ಟಡದ ಕಂಟ್ರಾಕ್ಟರುಗಳಿಗೆ ಲೈಸೆನ್ಸ್ ಕೊಡುವ ಕಚೇರಿಯಲ್ಲಿ ತಕರಾರು ಅಧಿಕಾರಿ. ಲೈಸೆನ್ಸ್ ಇದ್ದವನು ಇಡೀ ಕಟ್ಟಡ ಹಿಡಿಯುತ್ತಾನೆ. ಗಾರೆ, ಬಣ್ಣ, ವೈರಿಂಗ್ ಎಂದು ತುಂಡು ಮಾಡಿ ಬೇರೆಯವರಿಗೆ ಒಪ್ಪಿಸುತ್ತಾನೆ. ಕೆಲಸ ಮುಗಿದ ಮೇಲೆ ಆ ತುಂಡು ಗುತ್ತಿಗೆಯವರಿಗೆ ದುಡ್ಡು ಕೊಡದೆ ಕೈ ಎತ್ತಿದರೆ ಅವರು ಚಿಕ್ಕಪ್ಪನ ಮೇಜಿಗೆ ಬರುತ್ತಾರೆ. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಬೇಕು, ಆಗದಿದ್ದರೆ ಲೈಸೆನ್ಸ್ ತಡೆಹಿಡಿಯಲು ಬರೆಯಬೇಕು. ನಾನು ಅದೇ ಕಚೇರಿಯ ಟೈಪಿಸ್ಟ್. ವಿಚಾರಣೆಯಲ್ಲಿ ಯಾರು ಏನೆಂದರು ಎಂದು ಬರೆದುಕೊಳ್ಳುವವಳೂ ನಾನೇ, ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರೆಲ್ಲ ಸುತ್ತುವವಳೂ ನಾನೇ. ಈಗ ಅವರನ್ನು ಕೆಳಗಿನ ರೆಕಾರ್ಡ್ ರೂಮಿಗೆ ಹಾಕಿದ್ದಾರೆ. ಅದು ಹೇಗಾಯಿತೆಂದು ಹೇಳಬೇಕು, ಇಲ್ಲದಿದ್ದರೆ ಜನ ತಮಗೆ ತೋಚಿದ್ದು ಹೇಳಿಕೊಂಡು ತಿರುಗುತ್ತಾರೆ.

ಚಿಕ್ಕಪ್ಪ ಕಚೇರಿ ಸೇರುವ ಮುಂಚೆ ಆರು ವರ್ಷ ಗಾರೆ ಕೆಲಸ ಮಾಡಿದವರು. ಗೋಡೆಯ ತಕರಾರು ಬಂದರೆ ಅವರು ಕಾಗದಕ್ಕಿಂತ ಗೋಡೆಯನ್ನೇ ನಂಬುತ್ತಿದ್ದರು. ಇಬ್ಬರನ್ನೂ ಆ ಮನೆಗೇ ಕರೆಸಿ, ಪಡುವಣ ಕಿಟಕಿಯಿರುವ ಕೋಣೆಯಲ್ಲಿ ನಾಲ್ಕು ಗಂಟೆಯವರೆಗೆ ಸುಮ್ಮನೆ ಕೂರಿಸುತ್ತಿದ್ದರು. ನಾಲ್ಕಕ್ಕೆ ಬಿಸಿಲು ಓರೆಯಾಗಿ ಒಳಗೆ ಬಂದು ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಅಲ್ಲಿಯವರೆಗೆ ನುಣ್ಣಗೆ ಕಾಣುತ್ತಿದ್ದ ಗೋಡೆಯಲ್ಲಿ ಗಾರೆ ಸವರುವ ಕರಣೆ ಎಳೆದ ಬಾಗುಗಳು ಒಂದೊಂದಾಗಿ ಏಳುತ್ತವೆ. ಒಬ್ಬೊಬ್ಬರ ತೋಳಿನ ಬೀಸು ಒಂದೊಂದು ಬಗೆ. ಯಾವುದು ಯಾರ ಕೈ ಎಂದು ಚಿಕ್ಕಪ್ಪ ಬೆರಳಿಟ್ಟು ತೋರಿಸಿದರೆ ಎಂಥ ಜಗಳಗಂಟನೂ ಬಾಯಿ ಮುಚ್ಚುತ್ತಿದ್ದ. ಕಚೇರಿಯಲ್ಲಿ ಅವರಿಗೆ ನಾಲ್ಕು ಗಂಟೆ ಸಾಹೇಬರೆಂದೇ ಹೆಸರು.

ಆದರೆ ಕಳೆದ ಎರಡು ವರ್ಷದಿಂದ ಅವರ ಕಣ್ಣು ಮಂಜಾಗುತ್ತ ಬಂದಿತ್ತು. ಕಣ್ಣಿನ ನರವೇ ಸೋಲುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದಿದ್ದರು ಡಾಕ್ಟರು. ಇದು ನನಗೂ ಚಿಕ್ಕಮ್ಮನಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಫೈಲುಗಳನ್ನು ನಾನು ಮನೆಯಲ್ಲಿ ಓದಿ ಹೇಳುತ್ತಿದ್ದೆ, ಅವರು ಬಾಯಿಪಾಠ ಮಾಡಿಕೊಂಡು ಮರುದಿನ ಓದಿದವರ ಹಾಗೆ ಪುಟ ತಿರುವುತ್ತಿದ್ದರು. ಈಚೆಗೆ ಗೋಡೆಯ ತಕರಾರು ಬಂದಿರಲಿಲ್ಲ, ಅದೊಂದು ಪುಣ್ಯ. ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ಹೇಗೋ ದಾಟಿಸಿಬಿಡೋಣ ಎಂಬುದು ನನ್ನ ಲೆಕ್ಕಾಚಾರ.

ಆಗಲೇ ಎಡಚಿ ಮೇಸ್ತ್ರಿ ಬಂದಳು. ಎಡಗೈಯಲ್ಲಿ ಕರಣೆ ಹಿಡಿಯುವವಳಾದ್ದರಿಂದ ಆ ಹೆಸರು. ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಗಾರೆ ಕೆಲಸ ಹಿಡಿಯುತ್ತಿದ್ದಳು. ಎರಡಂತಸ್ತಿನ ಒಂದು ಮನೆಗೆ ಪೂರ್ತಿ ಪ್ಲಾಸ್ಟರಿಂಗ್ ಮಾಡಿದ್ದಾಳೆ, ಕೆಳಗಿನ ಮನೆಯ ದುಡ್ಡು ಮಾತ್ರ ಬಂದಿದೆ, ಮೇಲಿನದು ಬಂದಿಲ್ಲ. ಕೈಯಲ್ಲಿ ಒಂದು ಚೂರು ಕಾಗದವಿಲ್ಲ.

"ಯಾಕಮ್ಮ ಬರೆಸ್ಕೊಳ್ಳಲಿಲ್ಲ?" ಅಂತ ನಾನು ರೇಗಿದೆ.

"ಈ ಅಣ್ಣನ ಕೈ ಕೆಳಗೇ ಗಾರೆ ಹೊತ್ತವಳು ನಾನು. ಮೊದಲು ಕರಣೆ ಕೈಗೆ ಕೊಟ್ಟವರೂ ಇವರೇ. ಅಣ್ಣನ ಹತ್ರ ಕಾಗದ ಕೇಳೋದು ಹೆಂಗೆ?"

ಆ ಅಣ್ಣ, ಅಂದರೆ ಕಂಟ್ರಾಕ್ಟರು, ಪಕ್ಕದ ಕುರ್ಚಿಯಲ್ಲೇ ಇದ್ದರು. ಲೈಸೆನ್ಸ್ ಸಿಗುವ ಮುಂಚೆ ಅವರೂ ಗಾರೆಯವರೇ. ಈಗ ಇಸ್ತ್ರಿ ಮುರಿಯದ ಶರ್ಟು, ಬಲಗೈಯಲ್ಲಿ ದಪ್ಪ ಉಂಗುರ, ಮೂರು ಕಡೆ ಕಟ್ಟಡ.

"ಕೆಳಗಿನದು ಇವಳೇ ಮಾಡಿದ್ದು ಸಾರ್, ಇಲ್ಲ ಅನ್ನಲ್ಲ. ಮೇಲಿನದು ನನ್ನ ಬೇರೆ ಆಳುಗಳು ಮಾಡಿದ್ರು. ಅವರು ಈಗ ದೂರ ಎಲ್ಲೋ ಕೆಲಸಕ್ಕೆ ಹೋಗಿದಾರೆ. ಇವಳ ಹೆಂಗಸರನ್ನ ಕೇಳಿದ್ರೆ ಇವಳ ಕಡೆಗೇ ಹೇಳ್ತಾರೆ, ಬಿಡಿ."

"ಅಣ್ಣ, ನನ್ನ ಮುಖ ನೋಡಿ ಹೇಳು," ಎಂದಳು ಎಡಚಿ.

ಕಂಟ್ರಾಕ್ಟರು ಫ್ಯಾನು ನೋಡಿದರು.

ಅವಳ ಹೆಂಗಸರು ಶನಿವಾರದವರೆಗೆ ಕಾಯುತ್ತೇವೆ ಎಂದಿದ್ದರಂತೆ. ಅಷ್ಟರಲ್ಲಿ ಕೂಲಿ ಕೈಗೆ ಬರದಿದ್ದರೆ ಬೇರೆ ಮೇಸ್ತ್ರಿಯ ಹಿಂದೆ ಹೋಗುತ್ತಾರೆ. ಅವರಿಲ್ಲದೆ ಇವಳು ಮೇಸ್ತ್ರಿಯಲ್ಲ. ನಲವತ್ತೈದರ ವಯಸ್ಸಿನಲ್ಲಿ ಮತ್ತೆ ತಲೆ ಮೇಲೆ ಗಾರೆ ಬಾಣಲೆ ಹೊರಬೇಕು. ಇದನ್ನು ಅವಳು ಅಳದೆ ಹೇಳಿದಳು.

"ಶುಕ್ರವಾರ ಮೂರು ಗಂಟೆಗೆ ಆ ಮನೆಗೆ ಬನ್ನಿ," ಎಂದರು ಚಿಕ್ಕಪ್ಪ. "ಎಡಗೈ ಬೀಸು ಬೇರೆ ಯಾರ ಬೀಸಿಗೂ ಸೇರಲ್ಲ. ಬಾಗು ತಿರುಗಾಮುರುಗ ಇರುತ್ತೆ. ಗೋಡೆನೇ ಹೇಳ್ಲಿ."

ಗೋಡೆ ಹೇಳಿದರೂ ಕಾಣುವುದು ಯಾರಿಗೆ? ಮನೆಗೆ ಬಂದ ಮೇಲೆ ನಾನು ಕೂಗಾಡಿದೆ. ಅವರು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಗುರುವಾರ ನನಗೊಂದು ಮಾತೂ ಹೇಳದೆ ಬಸ್ಸು ಹತ್ತಿ ಎಲ್ಲಿಗೋ ಹೋಗಿ, ಊಟದ ಹೊತ್ತು ಮೀರಿದ ಮೇಲೆ ಬಂದರು. ಎರಡೂ ಅಂಗೈ ಬೂದುಬಣ್ಣ. ಎಡಗೆನ್ನೆಗೂ ಧೂಳು ಮೆತ್ತಿತ್ತು.

"ಎಲ್ಲಿ ಬಿದ್ರಿ?" ಅಂದೆ.

"ಬೀಳ್ಲಿಲ್ಲಮ್ಮ. ಕೈಗೆ ನೀರು ಹಾಕು," ಎಂದರು.

ಶುಕ್ರವಾರ ಮೂರಕ್ಕೆ ನಾವು ನಾಲ್ವರೂ ಆ ಮನೆಯ ಮೇಲಿನ ಕೋಣೆಯಲ್ಲಿದ್ದೆವು. ಇನ್ನೂ ಬಣ್ಣ ಕಾಣದ ಬೂದು ಗೋಡೆಗಳು, ನೆಲದ ತುಂಬ ಮರಳಿನ ಪುಡಿ. ಮೇಲೆ ಟ್ಯಾಂಕಿನಿಂದ ಎಲ್ಲೋ ಒಂದೊಂದೇ ಹನಿ ಬೀಳುವ ಸದ್ದು. ಚಿಕ್ಕಪ್ಪ ಬಕೆಟ್ಟಿನ ಮೇಲೆ ಕೂತು ಕಣ್ಣು ಮುಚ್ಚಿದರು. ಸಿಮೆಂಟಿನ ತಂಪು ವಾಸನೆಗೆ ನನಗೂ ಒಂದು ಥರ ಜೊಂಪು ಹತ್ತಿತು. ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಆ ಹೊತ್ತಿನಲ್ಲಿ ಮನೆ ತುಂಬಿಕೊಂಡ ಹಾಗಾಯಿತು. ಆ ಮೂಲೆಯಲ್ಲಿ ಮಂಚ ಬಂತು. ಕಿಟಕಿಯ ಪರದೆ ಉಬ್ಬಿ ಇಳಿಯಿತು. ಯಾರೋ ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಅದರ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಆ ಮಗುವಿಗೆ ತನ್ನ ಬೆನ್ನ ಹಿಂದಿನ ಗೋಡೆಯನ್ನು ಸವರಿದವಳು ಯಾರೆಂದು ಎಂದಾದರೂ ಗೊತ್ತಾಗುವುದೇ ಎಂದು ಯೋಚಿಸುತ್ತಿದ್ದೆ. ಖಾಲಿ ಮನೆಗಳಲ್ಲಿ ಚಿಕ್ಕಪ್ಪ ಏನು ನೋಡುತ್ತಾರೆಂದು ನನಗೆ ಮೊದಲ ಸಲ ತಿಳಿಯಿತು.

ಬಿಸಿಲು ಬಂತು. ಕಿಟಕಿಯ ಅಂಚು ದಾಟಿ ಗೋಡೆಯ ಮೇಲೆ ಮೆಲ್ಲಗೆ ಹರಡಿಕೊಂಡಿತು. ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಏನೂ ಇಲ್ಲ. ಬಾಗಿಲ್ಲ, ಗೆರೆಯಿಲ್ಲ. ಬಟ್ಟಲಲ್ಲಿ ನಿಂತ ಹಾಲಿನ ಹಾಗೆ ಗೋಡೆ ಸುಮ್ಮನಿತ್ತು. ಮಿಕ್ಕ ಮೂರು ಗೋಡೆಯೂ ಹಾಗೇ. ಕಂಟ್ರಾಕ್ಟರ ಹೆಗಲು ಸಡಿಲವಾದದ್ದು ಕಂಡಿತು. ಎಡಚಿ ತನ್ನ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಲೆ ತಗ್ಗಿಸಿದಳು. ಅಷ್ಟು ಚೆನ್ನಾಗಿ ಮಾಡಿ ತನ್ನ ಗುರುತನ್ನೇ ಅಳಿಸಿಕೊಂಡಿದ್ದಳು, ಪೆದ್ದಿ. ಅವಳ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು.

"ನಾಲ್ಕಾಯ್ತಾ?" ಎಂದರು ಚಿಕ್ಕಪ್ಪ.

"ಆಯ್ತು."

ಅವರು ಎದ್ದು ನಿಂತರು. "ಕಂಟ್ರಾಕ್ಟರೇ, ನನಗೆ ಕಣ್ಣು ಕಾಣಲ್ಲ. ಎರಡು ವರ್ಷ ಆಯ್ತು. ಬಿಸಿಲು ಬಂದಿದೆ ಅಂತ ಗೊತ್ತಾಗುತ್ತೆ, ಅದರಲ್ಲಿ ಏನಿದೆ ಅಂತ ಗೊತ್ತಾಗಲ್ಲ. ಈ ಹುಡುಗಿಗೆ ಗೋಡೆ ಓದಕ್ಕೆ ಬರಲ್ಲ. ಇಲ್ಲಿ ಗೋಡೆ ಓದೋರು ನೀವಿಬ್ಬರೇ, ಆಕೆ ತಕರಾರು ತಂದವರು. ಅದಕ್ಕೆ ನೀವೇ ನೋಡಿ ಹೇಳಿ. ನೀವು ಏನು ಹೇಳ್ತೀರೋ ಅದನ್ನೇ ಬರೆಸ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ನನಗೆ ಕಾಣಲ್ಲ ಅಂದದ್ದನ್ನೂ ಬರಕೊಳಮ್ಮ," ಎಂದರು.

ಒಂದೂವರೆ ವರ್ಷ ದಾಟಿಸಲು ನಾನು ಪಟ್ಟ ಪಾಡೆಲ್ಲ ಒಂದೇ ಮಾತಿಗೆ ಮಣ್ಣುಪಾಲಾಯಿತು. ಅದೂ ಆ ಮನುಷ್ಯನ ಎದುರಿಗೆ, ಏನೂ ಇಲ್ಲದ ಗೋಡೆಯನ್ನು ತೋರಿಸಿಕೊಂಡು.

ಕಂಟ್ರಾಕ್ಟರು ಕನ್ನಡಕ ಹಾಕಿಕೊಂಡು ಗೋಡೆಯ ಹತ್ತಿರ ಹೋದರು. ಏನೂ ಇಲ್ಲ ಅಂದರೆ ಸಾಕು, ಅದು ಸುಳ್ಳೂ ಆಗುತ್ತಿರಲಿಲ್ಲ. ಅಂಗೈ ಅಗಲಿಸಿ ಗೋಡೆಯ ಮೇಲಿಟ್ಟರು. ನಿಧಾನಕ್ಕೆ ಮೂಲೆಯವರೆಗೆ ಸವರಿಕೊಂಡು ಹೋದರು. ಮೂಲೆಯಲ್ಲಿ ಹೆಬ್ಬೆರಳಿಟ್ಟು ಮೇಲಿಂದ ಕೆಳಕ್ಕೆ ಎಳೆದರು, ಕೂತರು, ಮತ್ತೆ ಎದ್ದರು. ಬಿಸಿಲು ಅವರ ಇಸ್ತ್ರಿ ಶರ್ಟಿನ ಮೇಲೆ ಬಿದ್ದಿತ್ತು. ನಮಗೆ ಬೆನ್ನು ಮಾಡಿಯೇ ಬಹಳ ಹೊತ್ತು ನಿಂತರು.

"ಹದಿಮೂರು ವರ್ಷ ಗಾರೆ ಹಾಕಿದೀನಿ ಸಾರ್," ಎಂದರು ಕೊನೆಗೆ. "ನನ್ನ ಕೈಯಲ್ಲಿ ಇಂಥ ಗೋಡೆ ಒಂದೂ ಬರಲಿಲ್ಲ."

ಚಿಕ್ಕಪ್ಪ ಕಾದರು.

"ಇವಳದೇ. ಇಡೀ ಮೇಲಿನ ಮನೆ ಇವಳದೇ. ಆ ದುಡ್ಡನ್ನ ಇನ್ನೊಂದು ಕಟ್ಟಡದ ಕಬ್ಬಿಣಕ್ಕೆ ಹಾಕ್ಬಿಟ್ಟೆ. ಬರ್ಕೊಳ್ಳಿ. ನಾಳೆ ಹತ್ತು ಗಂಟೆಗೆ ತಂದು ಕೊಡ್ತೀನಿ." ಅವಳ ಕಡೆ ತಿರುಗಿ, "ಮುಂದಿನ ಸಲ ನನ್ನ ಹತ್ರನೂ ಬರೆಸ್ಕೋ," ಎಂದು ಸರಸರ ಮೆಟ್ಟಿಲಿಳಿದು ಹೋದರು.

ಎಡಚಿ ಕಿಟಕಿಯ ಹತ್ತಿರ ಹೋಗಿ ಮುಖ ಮುಚ್ಚಿಕೊಂಡು ಅತ್ತಳು. ಶನಿವಾರ ಹತ್ತಕ್ಕೆ ದುಡ್ಡು ಬಂತು, ಹನ್ನೊಂದಕ್ಕೆ ಅವಳ ನಾಲ್ವರು ಹೆಂಗಸರಿಗೂ ಕೂಲಿ ಸಿಕ್ಕಿತು. ಸೋಮವಾರ ನಾನು ಟೈಪ್ ಮಾಡಿದ ವರದಿಯಲ್ಲಿ ಚಿಕ್ಕಪ್ಪನ ಕಣ್ಣಿನ ಮಾತೂ ಇತ್ತು. ಬಿಡಿ ಎಂದು ಎಷ್ಟು ಬೇಡಿಕೊಂಡರೂ ಅವರು ತೆಗೆಯಲು ಬಿಡಲಿಲ್ಲ. ಅವರು ರೆಕಾರ್ಡ್ ರೂಮಿಗೆ ಇಳಿದದ್ದು ಹಾಗೆ.

ಆ ಶುಕ್ರವಾರ ಸ್ಕೂಟರಿನಲ್ಲಿ ಮನೆಗೆ ಬರುವಾಗ ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ತಡೆಯಲಾಗಲಿಲ್ಲ.

"ಚಿಕ್ಕಪ್ಪ, ಗೋಡೆ ಮೇಲೆ ಏನೂ ಇರಲಿಲ್ಲ. ಒಂದು ಗೆರೆನೂ ಇರಲಿಲ್ಲ."

"ಗೊತ್ತಿತ್ತು," ಎಂದರು ಹಿಂದಿನಿಂದ. "ನಿನ್ನೆ ಹೋಗಿ ನಾಲ್ಕು ಗೋಡೆನೂ ಸವರಿ ನೋಡಿದ್ದೆ. ಕೈಗೆ ಸಿಗದೆ ಇದ್ದಾಗ ಕೆನ್ನೆ ಇಟ್ಟು ನೋಡಿದೆ. ಆಗಲೂ ಏನೂ ಸಿಗಲಿಲ್ಲ."

"ಗೊತ್ತಿದ್ದೂ ಅವರ ಕೈಗೇ ಬಿಟ್ರಾ? ಏನೂ ಇಲ್ಲ ಅಂದಿದ್ರೆ?"

"ಅಂದಿದ್ರೆ ಅವಳು ನಾಳೆಯಿಂದ ಗಾರೆ ಹೊರಬೇಕಿತ್ತು, ನಾನು ರೆಕಾರ್ಡ್ ರೂಮಲ್ಲಿ ಕೂತು ಅದನ್ನೇ ನೆನೆಸ್ಕೋಬೇಕಿತ್ತು." ಆಮೇಲೆ ಕೇಳಿದರು, "ಅವನು ಗೋಡೆ ಮುಟ್ಟಿದಾಗ ಯಾವ ಕೈಯಲ್ಲಿ ಮುಟ್ಟಿದ? ಬಲಗೈ ತಾನೇ?"

"ಹೂಂ. ಯಾಕೆ?"

"ಆ ಕೈ ಉಂಗುರ ತೆಗೆದು ಜೇಬಿಗೆ ಹಾಕ್ಕೊಂಡ ಸದ್ದು ಕೇಳಿಸ್ತು. ನಾಣ್ಯಕ್ಕೆ ತಾಗಿ ಟಿಣ್ ಅಂತು. ಗೋಡೆಗೆ ಗೀರು ಬೀಳ್ಬಾರ್ದು ಅಂತ ಇರಬೇಕು. ಆಗ್ಲೇ ನನಗೆ ಜೀವ ಬಂದದ್ದು."

ಸಿಗ್ನಲ್ಲು ಹಸಿರಾಯಿತು. ಹಿಂದಿನವರೆಲ್ಲ ಹಾರನ್ ಹೊಡೆಯುತ್ತಿದ್ದರು, ನನಗೆ ಗಾಡಿ ಮುಂದೆ ಬಿಡಲು ಆಗಲಿಲ್ಲ.