ಅಮ್ಮನ ಕೈಯ ಬಿಳಿ ಮಗ್

ನಮ್ಮಕ್ಕ ಕೆಲಸಕ್ಕೆ ಕೂರುವಾಗ ಬೂದು ಬಣ್ಣದ ಅಂಗಿ ಬಿಟ್ಟು ಬೇರೇನೂ ಹಾಕುವುದಿಲ್ಲ. ಕೋಣೆಯ ಗೋಡೆಯೂ ಬೂದು, ಕಿಟಕಿಯ ಪರದೆಯೂ ಬೂದು. ನಾನು ಕೆಂಪು ಉಟ್ಟು ಒಳಗೆ ಕಾಲಿಟ್ಟರೆ, "ಆಚೆ ಹೋಗೇ, ನಿನ್ನ ಬಣ್ಣ ನನ್ನ ಸ್ಕ್ರೀನ್ ಮೇಲೆ ಬೀಳತ್ತೆ" ಎಂದು ಗದರುತ್ತಾಳೆ. ಫೋಟೊಗಳ ಬಣ್ಣ ಸರಿಪಡಿಸುವುದು ಅವಳ ಕಸುಬು. "ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಎಂದು ಗಿರಾಕಿಗಳು ಹಲ್ಲುಗಿಂಜಿದರೆ, "ಮುಖ ತೊಳೆದು ಕೊಡ್ತೀನಿ, ಸುಣ್ಣ ಬಳಿಯಲ್ಲ" ಎನ್ನುತ್ತಾಳೆ.

ನಾನು ಕಪ್ಪು. ಅಪ್ಪ, ಅಕ್ಕ, ಅತ್ತೆ, ಎಲ್ಲರೂ ಬೆಳ್ಳಗೆ. "ಇದು ಯಾರ ಮನೆ ಮಗುವಪ್ಪಾ?" ಎಂದು ಬಂದವರೆಲ್ಲ ಕಿಸಕ್ಕನೆ ನಗುತ್ತಿದ್ದರು. ಅವರ ಬಾಯಿಗಿಷ್ಟು ಮಣ್ಣು ಹಾಕ! ನಾನು ತೊಟ್ಟಿಲಲ್ಲಿದ್ದಾಗಲೇ ಅಮ್ಮ ತೀರಿಕೊಂಡಳು. "ನೀನು ಥೇಟ್ ಅಮ್ಮನೇ ಕಣೇ" ಎಂದು ಅಕ್ಕ ಹೇಳುತ್ತಲೇ ಇದ್ದಳು. ಸಮಾಧಾನದ ಮಾತು ಅಂದುಕೊಂಡು ನಾನು ನಂಬಲೇ ಇಲ್ಲ. ಇದ್ದ ಒಂದೇ ಫೋಟೊದಲ್ಲಿ ಅಮ್ಮ ಮಗ್ ಹಿಡಿದು ನಗುತ್ತಾ, ಮಾಸಿ ಮಾಸಿ ತೆಳು ಗುಲಾಬಿಯಾಗಿದ್ದಳು.

"ಹಾಗಾದ್ರೆ ಸರಿ ಮಾಡಿ ತೋರಿಸು."

"ಇದರಲ್ಲಿ ನನಗೆ ಖಚಿತವಾಗಿ ಗೊತ್ತಿರೋ ಬಣ್ಣ ಒಂದೂ ಇಲ್ಲ. ಒಂದು ಗೊತ್ತಿದ್ರೂ ಸಾಕು, ಅದನ್ನ ಸರಿ ಮಾಡಿದ್ರೆ ಉಳಿದದ್ದೆಲ್ಲ ತಾನಾಗಿ ಸರಿಹೋಗತ್ತೆ. ನಿನ್ನ ಮುಖ ನೋಡ್ಕೊಂಡು ಅಮ್ಮನಿಗೆ ಬಣ್ಣ ಹಚ್ಚಿದ್ರೆ ಮೋಸ ಆಗತ್ತೆ."

ಮೊನ್ನೆ ಅಟ್ಟ ಗುಡಿಸುವಾಗ ಮೊಳೆ ತುಂಬಿದ ಎನಾಮಲ್ ಮಗ್ ಒಂದು ಸಿಕ್ಕಿತು. ಹಿಡಿಯ ಹತ್ತಿರ ಚಕ್ಕೆ ಎದ್ದಿತ್ತು. ಫೋಟೊದಲ್ಲೂ ಅಲ್ಲೇ ಎದ್ದಿದೆ! ತೊಳೆದರೆ ಮೈಯೆಲ್ಲ ಬಿಳಿ, ಅಂಚು ಕಪ್ಪು.

"ಇನ್ನು ಫೋಟೊ ಸುಳ್ಳು ಹೇಳೋ ಹಾಗಿಲ್ಲ" ಎಂದು ಅಕ್ಕ ಪರದೆ ಎಳೆದಳು. ಸ್ಕ್ರೀನಿನ ಮೇಲಿದ್ದ ಮಗ್ಗಿನ ಮೈಯನ್ನು ಬಿಳಿಗೆ ತಂದಳು, ಅಂಚನ್ನು ಕಪ್ಪಿಗೆ ತಂದಳು. ಅಮ್ಮನ ಮುಖ ಮುಟ್ಟಲೇ ಇಲ್ಲ. ಗುಲಾಬಿ ಮಂಜು ತಾನಾಗಿ ಕರಗುತ್ತಾ ಹೋಯಿತು. ಹಿಂದಿನ ಗೋಡೆ ಹಸಿರಾಯಿತು. ನಿದ್ದೆಯಲ್ಲಿದ್ದವರು ಮೆಲ್ಲಗೆ ಕಣ್ಣು ಬಿಡುವ ಹಾಗೆ ಅಮ್ಮನ ಕೊರಳು, ಕೆನ್ನೆ, ಹಣೆ ಎದ್ದು ಬಂದವು. ಕಪ್ಪು. ನನ್ನದೇ ಕಪ್ಪು! ತಡೆಯಲಾಗದೆ ನನ್ನ ಕೈಯನ್ನು ಸ್ಕ್ರೀನಿನಲ್ಲಿದ್ದ ಅಮ್ಮನ ಕೈಯ ಪಕ್ಕ ಇಟ್ಟೆ.

ಕೈ ತೆಗಿ ಎಂದು ಗದರುತ್ತಾಳೆ ಅಂದುಕೊಂಡರೆ ಅಕ್ಕ ತನ್ನ ಬೆಳ್ಳನೆಯ ಕೈಯನ್ನು ಬೂದು ತೋಳಿನೊಳಗೆ ಎಳೆದುಕೊಂಡು ಹೇಳಿದಳು:

"ಇಷ್ಟು ವರ್ಷ ಅಮ್ಮನ ಬಣ್ಣ ಇದ್ದಿದ್ದು ನಿನ್ನ ಹತ್ರ ಮಾತ್ರ. ನೀನೋ, ಬೇಡ ಅಂತ ಅಳ್ತಿದ್ದೆ. ನನಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?"